ಬಾಣಂತಿಗೆ ಕೊಟ್ಟ ಮಂಚ

ನಮ್ಮ ಬೀದಿಯಲ್ಲಿ ಇಲಿಯನ್ನು ಯಾರೂ ಕೊಲ್ಲುತ್ತಿರಲಿಲ್ಲ. ಗಣಪತಿಯ ವಾಹನ ಎಂಬ ಭಯ ಸ್ವಲ್ಪ, ಸತ್ತದ್ದನ್ನು ಎತ್ತಿ ಹಾಕುವ ಅಸಹ್ಯ ಬಹಳ. ಬೋನಿನ ಕೊಕ್ಕೆಗೆ ಕೊಬ್ಬರಿ ಚೂರು ಸಿಕ್ಕಿಸಿ ಅಡುಗೆಮನೆಯ ಮೂಲೆಯಲ್ಲಿಟ್ಟರೆ ಬೆಳಗಾಗುವುದರೊಳಗೆ ಒಂದು ಬಿದ್ದಿರುತ್ತಿತ್ತು. ಬೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎರಡು ಬೀದಿ ಆಚೆಯ ಖಾಲಿ ಸೈಟಿಗೆ ಹೋಗಿ ಬಿಟ್ಟು ಬರುತ್ತಿದ್ದೆವು. ಒಂದು ಬೆಳಿಗ್ಗೆ ನಾನು ಹಾಗೆ ಹೊರಟಿದ್ದಾಗ ಆ ಬೀದಿಯ ಹೆಂಗಸೊಬ್ಬಳು ತನ್ನ ಬೋನು ಹಿಡಿದುಕೊಂಡು ಎದುರಿಗೆ ಬಂದಳು.

"ಎಲ್ಲಿಗಮ್ಮಾ?" ಎಂದೆ.

"ನಿಮ್ಮನೆ ಪಕ್ಕದ ಸೈಟಿಗೆ. ನೀವು?"

"ನಿಮ್ಮನೆ ಪಕ್ಕದ್ದಕ್ಕೆ."

"ಹಂಗಾದ್ರೆ ಇಲ್ಲೇ ಅದಲು ಬದಲು ಮಾಡ್ಕೊಂಬಿಡೋಣ, ನಡೆಯೋದಾದ್ರೂ ತಪ್ಪುತ್ತೆ," ಎಂದಳು.

ಇಬ್ಬರೂ ನಕ್ಕೆವು. ನಕ್ಕು, ಅವಳು ನಮ್ಮ ಬೀದಿಗೆ ಹೋದಳು, ನಾನು ಅವಳ ಬೀದಿಗೆ ಹೋದೆ.

ಆಗ ಅತ್ತಿಗುಪ್ಪೆಯ ಕಡೆ ಮೆಟ್ರೊ ಕಂಬಗಳಿಗೆ ನೆಲ ಅಗೆಯುತ್ತಿದ್ದರು. ಭೂಮಿಯೊಳಗಿದ್ದ ಹೆಗ್ಗಣಗಳೆಲ್ಲ ಎದ್ದು ಮೋರಿ ಹಿಡಿದು ಮನೆಗಳಿಗೆ ಬಂದವು. ಬಚ್ಚಲಿನ ಜಾಲರಿಯ ಮೇಲೆ ರುಬ್ಬುಗುಂಡು ಇಡದೆ ಯಾರೂ ಮಲಗುತ್ತಿರಲಿಲ್ಲ. ಜಿರಳೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆವು. ಮೊದಲ ವಾರ ಗೆರೆ ದಾಟಲು ಹೋಗಿ ಅಂಗಾತ ಬೀಳುತ್ತಿದ್ದವು, ಆಮೇಲೆ ಗೆರೆಯ ಮೇಲೆಯೇ ಓಡಾಡತೊಡಗಿದವು. ಅಕ್ಕಿಗೆ ಬೇವಿನ ಸೊಪ್ಪು, ಅವರೆಕಾಳಿಗೆ ಹರಳೆಣ್ಣೆ, ಸಕ್ಕರೆ ಡಬ್ಬಿಯ ಸುತ್ತ ಅರಿಸಿನ. ಇದನ್ನೆಲ್ಲ ನನ್ನ ಅತ್ತೆ ಮಾಡುತ್ತಿದ್ದಳು, ನಾನೂ ಮಾಡಿದೆ. ನುಸಿ, ಇರುವೆ, ಜಿರಳೆ ಯಾವುದೂ ಕಡಿಮೆಯಾದದ್ದು ನನಗೆ ನೆನಪಿಲ್ಲ. ಮಾಡದಿದ್ದರೆ ಇನ್ನೂ ಹೆಚ್ಚುತ್ತಿದ್ದವೇನೋ ಎಂದುಕೊಂಡು ಮಾಡುತ್ತಿದ್ದೆವು.

ಇವೆಲ್ಲ ತಿನ್ನುವ ಪ್ರಾಣಿಗಳು. ತಿಂದು ಹೋಗುತ್ತವೆ. ಮನೆಯವರನ್ನು ಮನೆ ಬಿಡಿಸುವುದಿಲ್ಲ. ಮನೆ ಬಿಡಿಸುವುದು ತಿಗಣೆ.

ನಮ್ಮದು ಹಳೆಯ ಊರಿನ ಮನೆ. ಸುತ್ತಲಿನ ಹೊಲ ಲೇಔಟಿಗೆ ಹೋಗಿ ಉಳಿದದ್ದು ನಾವಿರುವ ಮನೆ, ಅದರ ಹಿಂದೆ ಕೊಟ್ಟಿಗೆಯ ಜಾಗ. ದನ ಮಾರಿದ ಮೇಲೆ ನನ್ನ ಗಂಡ ಆ ಜಾಗದಲ್ಲಿ ಸಾಲಾಗಿ ನಾಲ್ಕು ಶೀಟಿನ ಮನೆ ಕಟ್ಟಿಸಿ, ಎರಡು ವರ್ಷ ಬಾಡಿಗೆಯವರ ಜೊತೆ ನೀರಿಗಾಗಿ ಜಗಳವಾಡಿ ತೀರಿಕೊಂಡರು. ಆಮೇಲೆ ಜಗಳ ನನ್ನ ಪಾಲಿಗೆ ಬಂತು. ನಾಲ್ಕು ಮನೆಗೂ ನಡುವೆ ಒಂದೊಂದೇ ಇಟ್ಟಿಗೆಯ ಗೋಡೆ. ಗೋಡೆ ಶೀಟಿಗೆ ಪೂರಾ ತಾಗುವುದಿಲ್ಲ, ಮೇಲೆ ನಾಲ್ಕು ಬೆರಳಷ್ಟು ಸಂದು. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ನಾಲ್ಕು ಮನೆಯವರೂ ಸೀನುತ್ತಿದ್ದರು.

ಕೊನೆಯ ಮನೆಯಲ್ಲಿ ಉತ್ತರ ಕರ್ನಾಟಕದ ಗಂಡ ಹೆಂಡತಿ ಇದ್ದರು. ಅವನು ಕೊರಿಯರ್ ಕಚೇರಿಯ ಚೀಲ ಹೊತ್ತು ಬೈಕಿನಲ್ಲಿ ಊರೆಲ್ಲ ಸುತ್ತುತ್ತಿದ್ದ. ಅವಳು ಬಸುರಿ. ಹಿಂದೆ ಒಂದು ಮಗು ತವರಿನಲ್ಲಿ ಹುಟ್ಟಿ ಮೂರನೆಯ ದಿನಕ್ಕೆ ಹೋಗಿತ್ತು. ಊರಿನಿಂದ ಆಸ್ಪತ್ರೆ ಬಹಳ ದೂರವಂತೆ. ಅದಕ್ಕೆ ಈ ಸಲ ಇಲ್ಲೇ ಹೆರಿಗೆ ಎಂದು ತೀರ್ಮಾನಿಸಿ, ತಿಂಗಳು ತುಂಬುವಾಗ ಅವಳ ತಾಯಿಯನ್ನು ಕರೆಸಿಕೊಂಡರು. ತಾಯಿ ಎರಡು ಗಂಟು, ಒಂದು ಮೂಟೆ, ಒಂದು ಕೌದಿ ತಂದಳು. ಈ ಗಂಟು ಮೂಟೆಯ ವಿಷಯ ಆಮೇಲೆ ದೊಡ್ಡದಾಯಿತು.

ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಸಣ್ಣ ಕೂಸು, ನನ್ನ ಮೊಣಕೈಯಿಂದ ಅಂಗೈವರೆಗೆ ಬರುತ್ತಿತ್ತು. ಮನೆಗೆ ಕರೆತಂದ ದಿನವೇ ಹುಡುಗಿಯ ತಾಯಿ ನನ್ನ ಹಿತ್ತಿಲ ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ಮಂಚ ಒಂದು ಇದ್ರ ಕೊಡ್ತೀರೇನ್ರಿ? ಹಸಿ ಮೈಯ್ಯಾಕಿನ್ನ ಸಿಮೆಂಟ್ ನೆಲದ ಮ್ಯಾಲ ಹೆಂಗ ಮಲಗಸೂದ್ರಿ? ಥಂಡಿ ಹಿಡೀತೈತಿ. ನಮ್ಮ ಕಡೆ ಹೊರಸಿನ ಕೆಳಗ ಕೆಂಡಾ ಇಟ್ಟು ಕಾಸ್ತೀವ್ರಿ."

ನನ್ನ ಹತ್ತಿರ ಒಂದು ನವಾರಿನ ಮಂಚ ಇತ್ತು. ಹಿತ್ತಿಲಿನ ಶೀಟಿನ ಕೆಳಗೆ ಗೋಡೆಗೆ ಒರಗಿಸಿಟ್ಟಿದ್ದೆ. ನನ್ನ ಎರಡು ಬಾಣಂತನ, ನಾದಿನಿಯ ಮೂರು, ಸೊಸೆಯ ಒಂದು, ಎಲ್ಲ ಅದರ ಮೇಲೆಯೇ ಆದದ್ದು. ಅದರ ಮೇಲೆ ಮಲಗಿದ ಯಾವ ಮಗುವೂ ಹಾಳಾಗಲಿಲ್ಲ ಎಂದು ನಮ್ಮ ಕಡೆಯವರು ಕೇಳಿ ಒಯ್ಯುತ್ತಿದ್ದರು. ಹಿಂದೊಂದು ಮಗು ಕಳೆದುಕೊಂಡವಳಿಗೆ ಇದಕ್ಕಿಂತ ಒಳ್ಳೆಯ ಮಂಚ ಎಲ್ಲಿ ಸಿಗಬೇಕು ಎಂದುಕೊಂಡೆ.

ಆ ಮಂಚದಲ್ಲಿ ಕೊನೆಗೆ ಮಲಗಿದ್ದವಳು ನನ್ನ ಅಕ್ಕ. ಕಣ್ಣಿನ ಆಪರೇಷನ್ನಿಗೆಂದು ಮಾಗಡಿ ಕಡೆಯ ಊರಿನಿಂದ ಬಂದು, ತನ್ನ ಹಾಸಿಗೆಯಲ್ಲದೆ ಬೇರೆಯದರಲ್ಲಿ ನಿದ್ದೆ ಬರುವುದಿಲ್ಲ ಎಂದು ಅದನ್ನೂ ಹೊತ್ತು ತಂದು, ಒಂದು ತಿಂಗಳು ನಮ್ಮ ನಡುಮನೆಯಲ್ಲಿ ಮಲಗಿದ್ದಳು. ಅವಳು ಹೋದ ಮೇಲೆ ನಾನು ಮಂಚದ ಕಾಲಿನ ಹತ್ತಿರ ಎರಡು ತಿಗಣೆ ನೋಡಿದ್ದೆ. ಹೊಸಕಿದೆ. ಮಂಚವನ್ನು ಹಿತ್ತಿಲಿಗೆ ಹಾಕಿಸಿದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಎರಡು ಕಂಡರೆ ಇನ್ನೂರು ಇರುತ್ತವೆ ಎಂಬುದು ಐವತ್ತು ವರ್ಷ ಸಂಸಾರ ಮಾಡಿದ ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಮಂಚ ಹೊರಗಿದೆ, ನನ್ನನ್ನು ಕಚ್ಚುತ್ತಿಲ್ಲ ಎಂದು ಬಿಟ್ಟಿದ್ದೆ.

ಬೇರೆ ಮಂಚವಾಗಿದ್ದರೆ ಕೊಡುವ ಮೊದಲು ಸಂದುಗಳಿಗೆ ಕುದಿಯುವ ನೀರು ಹೊಯ್ದು, ಸೀಮೆಎಣ್ಣೆ ಸವರಿ, ಬಿಸಿಲಿಗೆ ಹಾಕುತ್ತಿದ್ದೆ. ಇದಕ್ಕೆ ಹಾಗೆ ಮಾಡುವುದಿಲ್ಲ. ಬಾಣಂತಿಯ ಮಂಚಕ್ಕೆ ಕುದಿನೀರು ಹೊಯ್ದರೆ ಮಗುವಿಗೆ ತಾಪ ಎಂದು ನನ್ನ ಅತ್ತೆ ಹೇಳಿಟ್ಟಿದ್ದಳು, ನಾನೂ ಒಮ್ಮೆಯೂ ಹೊಯ್ದವಳಲ್ಲ. ಅರಿಸಿನದ ನೀರು ಚಿಮುಕಿಸಿ, ನಾಲ್ಕು ಕಾಲಿಗೂ ಕುಂಕುಮವಿಟ್ಟು, ಒಣ ಬಟ್ಟೆಯಲ್ಲಿ ಒರೆಸಿ ಕೊಟ್ಟೆ. ಅಷ್ಟು ಶಾಸ್ತ್ರವಾಗಿ ಕೊಟ್ಟದ್ದೇ ತಪ್ಪಾಯಿತು.

ಆ ತಾಯಿ ಬಾಣಲೆಯಲ್ಲಿ ಕೆಂಡ ತುಂಬಿ, ಮೇಲೆ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ ಉದುರಿಸಿ ಬೆಳಿಗ್ಗೆಗೊಮ್ಮೆ ಸಂಜೆಗೊಮ್ಮೆ ಮಂಚದ ಕೆಳಗೆ ಇಡುತ್ತಿದ್ದಳು. ಮಗಳಿಗೆ ಸೊಂಟ ಬಿಗಿಯಾಗಲಿ ಎಂದು. ಮರದೊಳಗೆ ಹಸಿದು ಕೂತಿದ್ದ ತಿಗಣೆಗಳಿಗೆ ಕೆಳಗಿನಿಂದ ಬಿಸಿ, ಮೇಲಿನಿಂದ ಮನುಷ್ಯರ ವಾಸನೆ. ಅವು ಎದ್ದವು. ಮಂಚದಿಂದ ಗೋಡೆಗೆ, ಗೋಡೆಯಿಂದ ಶೀಟಿನ ಸಂದಿಗೆ, ಅಲ್ಲಿಂದ ಮೂರನೆಯ ಮನೆಗೆ, ಎರಡನೆಯದಕ್ಕೆ. ಹದಿನೈದು ದಿನ ತೆಗೆದುಕೊಳ್ಳಲಿಲ್ಲ.

ಮೊದಲು ಬಂದು ಕೂಗಾಡಿದವಳು ಮೂರನೆಯ ಮನೆಯ ಹೊಲಿಗೆಯವಳು. ಒಬ್ಬಳೇ ಇರುತ್ತಿದ್ದಳು, ಒಂದು ಮಿಷನ್ನು, ಗೋಡೆ ತುಂಬ ನೇತುಹಾಕಿದ ಬ್ಲೌಸುಗಳು. ಅವಳ ಅನ್ನ ಅದು. ಕೈಯಲ್ಲಿ ಒಂದು ಹಸಿರು ಬ್ಲೌಸನ್ನು ಬೆರಳ ತುದಿಯಲ್ಲಿ ಹಿಡಿದು ತಂದಳು.

"ಅಜ್ಜಿ, ಇದನ್ನ ನೋಡಿ. ಲೈನಿಂಗ್ ಒಳಗೆ. ಆ ಮೇಡಮ್ಮು ಹಾಕ್ಕೊಂಡು ಮದುವೆಗೆ ಹೋಗಿದ್ರಂತೆ. ಛತ್ರದಲ್ಲಿ ಕೂತು ಬೆನ್ನು ಕೆರ್ಕೊಂಡಿದಾರೆ. ನನ್ನ ಮುಖದ ಮೇಲೆ ಎಸೆದು ಹೋದ್ರು."

"ಬೀರುವಿಂದ ಬಂದಿರುತ್ತೆ, ಅವರದ್ದೇ ಬೀರು."

"ನನ್ನ ಕತ್ತು ನೋಡಿ ಹಂಗಾದ್ರೆ. ಇದೂ ಅವರ ಬೀರುವಿಂದ ಬಂತಾ?"

ಕತ್ತಿನ ತುಂಬ ಸಾಲು ಸಾಲಾಗಿ ಕೆಂಪು ದದ್ದು. ತಿಗಣೆ ಕಚ್ಚಿದ್ದು ಸಾಲಾಗಿಯೇ ಇರುತ್ತದೆ, ಸೊಳ್ಳೆಯದ್ದು ಚೆಲ್ಲಾಪಿಲ್ಲಿ.

"ನಾನು ಇಲ್ಲಿಗೆ ಬಂದು ಆರು ವರ್ಷ. ಒಂದು ತಿಗಣೆ ಕಂಡಿಲ್ಲ. ಅವರಮ್ಮ ಬಸ್ಸಿಂದ ಗಂಟು ಮೂಟೆ ಇಳಿಸಿದ ಮೇಲೆ ಬಂದಿರೋದು. ಆ ಕೌದಿ ನೋಡಿದ್ರಾ? ನೂರು ಸೀರೆ ಹರಿದು ಹೊಲಿದಿರೋದು, ಅದರೊಳಗೆ ಒಂದು ಊರೇ ಇರುತ್ತೆ."

ಕೇಳಲು ಸರಿಯಾಗಿಯೇ ಇತ್ತು. ಮೂಟೆ ಬಂತು, ತಿಗಣೆ ಬಂತು. ನಾನೂ ಅದನ್ನೇ ಹಿಡಿದುಕೊಂಡೆ. ಕೊನೆಯ ಮನೆಗೆ ಹೋಗಿ ತಾಯಿಗೆ ಕೌದಿ ಬಿಸಿಲಿಗೆ ಹಾಕು, ಮೂಟೆ ಕೊಡವು ಎಂದು ಜೋರು ಮಾಡಿ ಬಂದೆ. ಅವಳು ಎದುರು ಮಾತಾಡದೆ ಕೌದಿ ಹೊರಗೆ ತಂದು ಕಲ್ಲಿನ ಮೇಲೆ ಹರಡಿದಳು. ಅದರಲ್ಲಿ ಒಂದು ತಿಗಣೆಯೂ ಇರಲಿಲ್ಲ. ಹೊಲಿಗೆಯವಳು ಬಾಗಿಲಲ್ಲಿ ನಿಂತು, "ಬಿಸಿಲು ಕಂಡು ಒಳಗೆ ಹೋಗಿರ್ತವೆ ಬಿಡಿ," ಎಂದಳು.

ಅಲ್ಲಿಂದ ಹತ್ತು ದಿನ ನಾವು ಮಾಡಿದ್ದಕ್ಕೆ ಲೆಕ್ಕವಿಲ್ಲ. ಹಾಸಿಗೆಗಳನ್ನು ಶೀಟಿನ ಮೇಲೆ ಒಣಹಾಕಿದೆವು. ಗೋಡೆಯ ಬಿರುಕಿಗೆ ಬಟ್ಟೆ ಸೋಪು ಮೆತ್ತಿದೆವು. ದೇವರ ಪಟ, ಕ್ಯಾಲೆಂಡರು, ಕನ್ನಡಿ ಎಲ್ಲ ಇಳಿಸಿ ಹಿಂದೆ ನೋಡಿದೆವು. ಕರಿ ಸಾಸಿವೆ ಚೆಲ್ಲಿದ ಹಾಗೆ ಕಲೆ ಇರುತ್ತಿತ್ತು. ಡಿಡಿಟಿ ಪುಡಿ ತಂದು ಹಾಕಿದೆವು, ಹಿಟ್ಟು ಹಾಕಿದಂತೆ ಅದರ ಮೇಲೆ ನಡೆದು ಹೋದವು. ಲಕ್ಕಿ ಸೊಪ್ಪು ದಿಂಬಿನ ಕೆಳಗೆ ಇಟ್ಟುಕೊಂಡರೆ ವಾಸನೆಗೆ ನಮಗೆ ತಲೆನೋವು ಬಂತು. ಹೊಲಿಗೆಯವಳು ಸೂಜಿಯಿಂದ ಸಂದುಗಳನ್ನು ಕೆದಕಿ, ಸಿಕ್ಕಿದ್ದನ್ನು ಸೀಮೆಎಣ್ಣೆಯ ಮುಚ್ಚಳದಲ್ಲಿ ಅದ್ದಿ ಎಣಿಸುತ್ತ ಕೂರುತ್ತಿದ್ದಳು. "ಇವತ್ತು ನಲವತ್ತಾಯ್ತು ಅಜ್ಜಿ." ಮಾರನೆಯ ದಿನವೂ ನಲವತ್ತೇ ಆಗುತ್ತಿತ್ತು.

ಕೊನೆಯ ಮನೆಯಲ್ಲಿ ಮಾತ್ರ ಇದ್ಯಾವುದೂ ಮಾಡುವ ಹಾಗಿರಲಿಲ್ಲ. ಕೂಸಿನ ಹತ್ತಿರ ಸೀಮೆಎಣ್ಣೆ ಹೇಗೆ ತರುವುದು? ಆ ತಾಯಿ ಹಗಲು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಟ್ಟೆ ಬಿಚ್ಚಿ ಮಡಿಕೆ ಮಡಿಕೆ ಹುಡುಕುತ್ತಿದ್ದಳು. ಕೂಸಿನ ಕೈಗೆ ಬಜೆಯ ಬಳೆ ಕಟ್ಟಿದ್ದಳು, ಅದರ ಘಾಟಿಗೆ ಹುಳ ಬರುವುದಿಲ್ಲವೆಂದು. ಬಳೆಯ ಪಕ್ಕದಲ್ಲೇ ಕಚ್ಚಿದ ಗುರುತು ಇತ್ತು. ಬಾಣಂತಿ ಹುಡುಗಿ ನನ್ನನ್ನು ಕಂಡರೆ ತಲೆ ಬಗ್ಗಿಸುತ್ತಿದ್ದಳು.

"ನಮ್ಮಿಂದ ನಿಮಗೆಲ್ಲಾ ತೊಂದ್ರಿ ಆತ್ರಿ ಅಜ್ಜಿ," ಎಂದಳು ಒಂದು ದಿನ.

"ಅದೆಲ್ಲ ಈಗ ಯಾಕೆ? ಮಗೂಗೆ ಹಾಲು ಕುಡಿಸು," ಎಂದು ಬಂದುಬಿಟ್ಟೆ.

ಕೊನೆಗೆ ನನ್ನ ಮಗ ಔಷಧಿ ಹೊಡೆಯುವವನನ್ನು ಕರೆತಂದ. ಬೆನ್ನಿಗೆ ಕ್ಯಾನು, ಮೂಗಿಗೆ ಬಟ್ಟೆ, ಕೈಯಲ್ಲಿ ಟಾರ್ಚು. ಮೊದಲ ಮನೆಯಿಂದ ಶುರು ಮಾಡಿ ಒಂದೊಂದೇ ಗೋಡೆ ನೋಡುತ್ತ ಬಂದ. ಮೊದಲನೆಯದರಲ್ಲಿ ಇರಲಿಲ್ಲ, ಎರಡರಲ್ಲಿ ಸ್ವಲ್ಪ, ಮೂರರಲ್ಲಿ ಜಾಸ್ತಿ. ಕೊನೆಯ ಮನೆಗೆ ನಾನೂ ಅವನ ಹಿಂದೆ ಹೋದೆ. ಮಗುವನ್ನು ಎತ್ತಿಕೊಂಡು ಹುಡುಗಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವನು ಕೌದಿ ಕೊಡವಿದ, ಮೂಟೆ ನೋಡಿದ, ಬಿಟ್ಟ. ಆಮೇಲೆ ಮಂಚವನ್ನು ಅಡ್ಡ ಮಲಗಿಸಿ ಕಾಲಿಗೂ ಅಡ್ಡಪಟ್ಟಿಗೂ ಕೂಡುವಲ್ಲಿ ಟಾರ್ಚು ಹಿಡಿದು ಒಂದು ಪಿನ್ನು ಹಾಕಿ ಕೆರೆದ. ಒಣಗಿದ ಸಿಪ್ಪೆ, ಬಿಳಿ ಮೊಟ್ಟೆ, ಕರಿ ಹಿಕ್ಕೆ ಹಿಡಿಯಷ್ಟು ಉದುರಿತು.

"ಇದು ಹಳೇ ಗೂಡು. ಒಂದು ತಿಂಗಳದ್ದಲ್ಲ. ಮಿನಿಮಮ್ ಐದಾರು ತಿಂಗಳಿಂದ ಇದಾವೆ ಇಲ್ಲಿ," ಎಂದ. "ಕೆಂಡ ಇಟ್ಟಿದ್ರಾ ಕೆಳಗೆ? ಅದಕ್ಕೇ ಎದ್ದು ಹೋಗಿದಾವೆ. ಅಷ್ಟು ಬಿಸಿಗೆ ಇವು ಸಾಯಲ್ಲಮ್ಮಾ, ಮನೆ ಚೇಂಜ್ ಮಾಡ್ತವೆ. ಮಂಚ ಎಲ್ಲಿಂದ ತಂದ್ರಿ?"

ಆ ತಾಯಿ ನನ್ನ ಮುಖ ನೋಡಿದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ, ನನ್ನ ಹಿಂದೆ ಹೊಲಿಗೆಯವಳು ಕತ್ತು ಚಾಚಿ ನಿಂತಿದ್ದಳು. ಹೇಳಬಹುದಿತ್ತು. ಒಂದೇ ಮಾತು. ನನ್ನದು ಕಣಪ್ಪಾ ಅದು.

"ಇಲ್ಲೇ ಒಬ್ರು ಕೊಟ್ಟಿದ್ರಿ," ಎಂದಳು ತಾಯಿ. "ಪುಣ್ಯಾತ್ಮರು. ಅವರಿಗೂ ಗೊತ್ತಿರಲಿಕ್ಕಿಲ್ರಿ."

ಅಷ್ಟು ಹೇಳಿ ಕಸಪೊರಕೆ ತಂದು ಉದುರಿದ್ದನ್ನೆಲ್ಲ ಗುಡಿಸಿದಳು. ನನ್ನ ಮಾನ ಉಳಿಸಬೇಕೆಂದು ಹಾಗೆ ಹೇಳಿದಳೋ, ಮನೆಯ ಯಜಮಾನಿಯ ಮೇಲೆ ಹೇಳಿ ಬದುಕುವುದು ಹೇಗೆಂದು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡೂ ಇದ್ದಿರಬಹುದು.

ಔಷಧಿಯವನು ಅಂಗಳದಲ್ಲಿ ನಿಂತು ಮಗನಿಗೆ ಹೇಳಿದ: "ನಾಲ್ಕೂ ಮನೆ ಒಂದೇ ದಿನ ಹೊಡೀಬೇಕು ಸಾರ್. ಒಂದು ಬಿಟ್ರೂ ವೇಸ್ಟು, ಅವಕ್ಕೆ ಡೋರ್ ನಂಬರ್ ಗೊತ್ತಾಗಲ್ಲ. ಹೊಡೆದ್ಮೇಲೆ ಮೂರು ದಿನ ಬಾಗಿಲು ಹಾಕಿರ್ಬೇಕು. ಹದಿನೈದು ದಿನ ಬಿಟ್ಟು ಇನ್ನೊಂದು ಸಲ, ಮೊಟ್ಟೆ ಒಡೆಯುತ್ತಲ್ಲ ಅದಕ್ಕೆ. ಆ ಕೂಸು ಇರೋ ತನಕ ನಾನು ಕೈ ಹಾಕಲ್ಲ. ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ."

ಔಷಧಿ ಡಬ್ಬಿಯ ಮೇಲಿನ ಅಕ್ಷರವನ್ನು ನಾನೂ ಕೂಡಿಸಿ ಓದಿದೆ. ಮೂರನೆಯ ಕ್ಲಾಸಿನ ಓದು ಅಷ್ಟಕ್ಕೆ ಸಾಕಾಗುತ್ತದೆ. ಮಕ್ಕಳಿಂದ ದೂರವಿಡಿ ಎಂದಿತ್ತು.

ಹೆರಿಗೆಯಾಗಿ ಆಗ ಮೂವತ್ತು ದಿನ ಆಗಿರಲಿಲ್ಲ. ನಲವತ್ತು ದಿನ ಹೊಸಿಲು ದಾಟುವ ಹಾಗಿಲ್ಲ ಎಂದು ತಾಯಿ ಹಟ ಹಿಡಿದಿದ್ದಳು. ಒಂದು ಮಗು ಕಳೆದುಕೊಂಡ ಮನೆ, ಅವಳ ಹಟ ತಪ್ಪಲ್ಲ. ಉಳಿದ ಹಾದಿ ಒಂದೇ: ಆ ಮೂರು ದಿನ ಅವರು ಬಂದು ನಮ್ಮ ಮನೆಯಲ್ಲಿ ಇರುವುದು. ಹಿತ್ತಿಲ ಬಾಗಿಲಿನಿಂದ ಹತ್ತು ಹೆಜ್ಜೆ. ತಲೆಗೆ ಬಟ್ಟೆ ಸುತ್ತಿ ಕರೆತಂದರೆ ಗಾಳಿಯೂ ಸೋಕುವುದಿಲ್ಲ. ಅದನ್ನು ಕೇಳಿದವನು ಬಾಣಂತಿಯ ಗಂಡ. ಕೊರಿಯರ್ ಚೀಲ ಹೆಗಲಲ್ಲೇ ಇತ್ತು, ಇಳಿಸಿರಲಿಲ್ಲ.

"ಮೂರ ದಿನಾರೀ ಅಣ್ಣಾರ. ಪಡಸಾಲ್ಯಾಗ ಒಂದು ಮೂಲಿ ಕೊಟ್ರೂ ಸಾಕು. ನಾ ಹೊರಗ ಮಲಗ್ತೀನಿ."

ನನ್ನ ಮಗ ನನ್ನ ಕಡೆ ತಿರುಗಿದ. "ಏನಮ್ಮಾ? ಅವರು ಬರೋದಕ್ಕೆ ನಂದೇನಿಲ್ಲ. ಜೊತೆಗೆ ಬರ್ತವಲ್ಲ, ಅವನ್ನ ಏನು ಮಾಡೋದು? ನಮ್ಮನೆಗೂ ಹತ್ತಿಸ್ಕೊಳ್ಳೋಣಾ?"

ಮಗನಿಗೆ ಮಂಚದ ವಿಷಯ ಗೊತ್ತಿರಲಿಲ್ಲ. ಅದು ಹಿತ್ತಿಲಲ್ಲಿ ಇತ್ತೋ ಇಲ್ಲವೋ ಗಮನಿಸುವವನಲ್ಲ. ತಿಗಣೆ ನಮ್ಮ ಮನೆಯಿಂದಲೇ ಹೋದದ್ದು ಎಂದು ಗೊತ್ತಿದ್ದವಳು ನಾನೊಬ್ಬಳು, ಮತ್ತೆ ಆ ತಾಯಿ. ನಾನು ಹೇಳಿದ್ದು ಇಷ್ಟು:

"ಮನೇಲಿ ಸೊಸೆ ಒಪ್ಪಲ್ಲಪ್ಪ."

ಸೊಸೆಯನ್ನು ನಾನು ಕೇಳಿರಲೇ ಇಲ್ಲ. ಅವಳು ಒಳಗೆ ಮಿಲ್ಲಿಗೆ ಕೊಡಲು ರಾಗಿ ಕೇರುತ್ತಿದ್ದಳು, ಮಾತು ಅವಳ ಕಿವಿಗೂ ಬಿದ್ದಿರಲಿಲ್ಲ.

ಅದೇ ವಾರ ಹೊಲಿಗೆಯವಳು ಕಡ್ಡಿ ಮುರಿದಂತೆ ಹೇಳಿದಳು: ಅವರಿರಬೇಕು, ಇಲ್ಲ ತಾನಿರಬೇಕು. ಎರಡನೆಯ ಮನೆಯವರು ಅವಳ ಕಡೆ ಸೇರಿದರು. ಆರು ವರ್ಷದಿಂದ ಇದ್ದವಳನ್ನು ಬಿಡುವುದೋ, ಎಂಟು ತಿಂಗಳಿಂದ ಇದ್ದವರನ್ನು ಬಿಡುವುದೋ ಎಂದು ನನ್ನ ಮಗ ಯೋಚಿಸಲು ಅರ್ಧ ದಿನವೂ ಬೇಕಾಗಲಿಲ್ಲ. ಹುಡುಗನಿಗೆ ಹೇಳುವ ಕೆಲಸ ನನ್ನದಾಯಿತು. ಹೇಳಿದೆ. ಅವನು ಹೂಂ ಎಂದ. ಮನೆ ಹುಡುಕಲು ಹತ್ತು ದಿನ ಕೊಡ್ರಿ ಎಂದ, ಏಳನೆಯ ದಿನಕ್ಕೆ ಶ್ರೀಗಂಧದ ಕಾವಲಿನ ಬಡಾವಣೆಯಲ್ಲಿ ಒಂದು ಕೋಣೆ ಹುಡುಕಿಕೊಂಡು ಬಂದ.

ಹೋಗುವ ದಿನಕ್ಕೆ ಹೆರಿಗೆಯಾಗಿ ಮೂವತ್ತಾರು ದಿನ. ಇನ್ನು ನಾಲ್ಕು ದಿನ ತಡೆಯಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಲಗೇಜ್ ಆಟೋ ಬಂತು. ಕೌದಿ, ಮೂಟೆ, ಪಾತ್ರೆ, ಸ್ಟವ್ವು ಏರಿದವು. ಮಂಚವನ್ನು ತಾಯಿ ಹಿತ್ತಿಲಿಗೆ ತಂದಿಟ್ಟಿದ್ದಳು. ಮೂರು ದಿನದಿಂದ ಅವಳೂ ಅಳಿಯನೂ ಅದಕ್ಕೆ ಕುದಿಯುವ ನೀರು ಹೊಯ್ದು, ಮೇಣದ ಬತ್ತಿಯಿಂದ ಸಂದು ಸಂದು ಸುಟ್ಟು, ಮತ್ತೆ ತೊಳೆದು ಒಣಗಿಸಿದ್ದರು. ನವಾರು ಬೆಳ್ಳಗಾಗಿತ್ತು.

"ಅಕ್ಕಾರ, ನಿಮ್ಮ ಮಂಚಾರಿ. ಆದಷ್ಟು ಸ್ವಚ್ಛ ಮಾಡೀವ್ರಿ."

ನಾನು ಆ ಮಂಚದ ಕಡೆ ನೋಡಿದೆ. ಅದು ನನ್ನ ಮನೆಗೆ ಮತ್ತೆ ಬರುವುದು ಬೇಡವಾಗಿತ್ತು. ಒಡೆದು ಒಲೆಗೆ ಹಾಕು ಎನ್ನಲೂ ಆಗುವುದಿಲ್ಲ, ಬಾಣಂತಿಯ ಮಂಚ.

"ಇರಲಿ, ತಗೊಂಡ್ಹೋಗಿ," ಎಂದೆ. "ಅವಳಿಗೆ ಇನ್ನೂ ಬೇಕಾಗುತ್ತೆ. ನಾನು ಕೊಟ್ಟೆ ಅಂತ ಇಟ್ಕೊಳ್ಳಿ."

ತಾಯಿ ಮಂಚವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ನನ್ನ ಮನಸ್ಸಿನಲ್ಲಿ ಇದ್ದದ್ದು ಅವಳಿಗೆ ತಿಳಿಯಿತು ಎಂದೇ ನನ್ನ ನಂಬಿಕೆ. ಆದರೆ ಹುಡುಗಿ ಕಿವಿಗೆ ಹತ್ತಿ, ತಲೆಗೆ ಉಲ್ಲನ್ ಸ್ಕಾರ್ಫು ಕಟ್ಟಿಕೊಂಡು ಆಚೆ ಬಂದಿದ್ದಳು, ಅವಳಿಗೆ ಖುಷಿಯಾಯಿತು. ಮಗುವನ್ನು ತಾಯಿಯ ಕೈಗೆ ಕೊಟ್ಟು ಬಗ್ಗಿ ನನ್ನ ಕಾಲು ಮುಟ್ಟಿದಳು. ಬಾಣಂತಿ ಬಗ್ಗಬಾರದು ಎಂದು ಬೈದೆ. ಮಂಚವನ್ನು ಆಟೋದ ಮೇಲೆ ಹಗ್ಗ ಹಾಕಿ ಕಟ್ಟಿದರು. ನಾಲ್ಕು ಕಾಲೂ ಮೇಲಾಗಿ ಹೋಯಿತು.

ಮಾರನೆಯ ದಿನ ಔಷಧಿ ಹೊಡೆಸಿದೆವು. ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಹೊಲಿಗೆಯವಳು ಸೂಜಿ ಹಿಡಿದು ಕೂರುವುದನ್ನು ಬಿಟ್ಟಳು. ಕೊನೆಯ ಮನೆಗೆ ಸುಣ್ಣ ಹೊಡೆಸಿ ಗೇಟಿಗೆ ಬಾಡಿಗೆಯ ಬೋರ್ಡು ನೇತುಹಾಕಿದೆವು.

ಒಂದು ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರು ಆ ಮನೆ ನೋಡಲು ಬಂದಿದ್ದರು. ಒಳಗೆ ನಲ್ಲಿ ತಿರುಗಿಸಿ ನೀರು ಬರುತ್ತದಾ ಎಂದು ನೋಡುತ್ತಿದ್ದರು, ನಾನು ಬಾಗಿಲಲ್ಲಿ ನಿಂತಿದ್ದೆ. ಅಷ್ಟರಲ್ಲಿ ಗೇಟು ತೆಗೆದುಕೊಂಡು ಒಬ್ಬ ಹೆಂಗಸು ಬಂದಳು. ನನ್ನ ಮಗಳ ಅತ್ತೆಯ ಕಡೆಯಿಂದ ದೂರದ ನೆಂಟಳು, ಮದುವೆ ಮುಂಜಿಯಲ್ಲಿ ನೋಡಿದ ಮುಖ. ಶ್ರೀಗಂಧದ ಕಾವಲಿನಲ್ಲಿ ಆ ಹುಡುಗ ಹಿಡಿದದ್ದು ಇವಳ ಮನೆಯ ಹಿಂದಿನ ಕೋಣೆ.

"ನಿಮ್ಮಲ್ಲಿ ಇದ್ರಂತಲ್ಲ ಅತ್ತೆ, ಆ ಹುಡುಗ, ಅವನ ಹೆಂಡ್ತಿ. ಏನು ಜನ ಅವ್ರು?"

"ಯಾಕಮ್ಮಾ? ಒಳ್ಳೆ ಜನಾನೇ."

"ಒಳ್ಳೆ ಜನ ಸರಿ. ತಿಗಣೆ ಬಂದಿದಾವೆ ನಮ್ಮನೇಲಿ. ಸೋಫಾದಲ್ಲೆಲ್ಲ. ನಮ್ಮೆಜಮಾನ್ರು ಕುಣೀತಾ ಇದಾರೆ. ಕೇಳಿದ್ರೆ ಆ ಮುದುಕಿ ಬಾಯೇ ಬಿಡಲ್ಲ. ಅದಕ್ಕೇ ನಿಮ್ಮನ್ನೇ ಕೇಳೋಣ ಅಂತ ಬಂದೆ. ನಿಮ್ಮಲ್ಲಿದ್ದಾಗ ಇದ್ವಾ?"

ಒಳಗೆ ನಲ್ಲಿ ನಿಂತಿತು. ಮನೆ ನೋಡಲು ಬಂದವರು ಮಾತು ಕೇಳಿಸಿಕೊಳ್ಳುತ್ತಿದ್ದರು. ಅವರ ನೆರಳು ಹೊಸಿಲ ಮೇಲೆ ಬಿದ್ದಿತ್ತು.

"ಇಲ್ಲಮ್ಮಾ," ಎಂದೆ. "ನಮ್ಮಲ್ಲಿ ಅಂಥದ್ದೇನೂ ಇರ್ಲಿಲ್ಲ."

"ಹಂಗಾದ್ರೆ ಅವರ ಸಾಮಾನಲ್ಲೇ ಬಂದಿರೋದು. ಸರಿ, ನಾನು ನೋಡ್ಕೋತೀನಿ."

ಕಾಫಿ ಕುಡಿದು ಹೋಗು ಎಂದೆ, ಕುಡಿಯದೆ ಹೋದಳು. ಮನೆ ನೋಡಲು ಬಂದವರು ಒಪ್ಪಿ ಮುಂದಿನ ವಾರವೇ ಸೇರಿಕೊಂಡರು. ಎರಡು ತಿಂಗಳು ಚೆನ್ನಾಗಿದ್ದರು. ಮೂರನೆಯ ತಿಂಗಳು ಆ ಹೊಸ ಬಾಡಿಗೆಯವಳು ನನ್ನ ಬಾಗಿಲಿಗೆ ಬಂದು ತೋಳು ತೋರಿಸಿದಳು. ಸಾಲಾಗಿ ಇತ್ತು. ಔಷಧಿಯವನನ್ನು ಮತ್ತೆ ಕರೆಸಿದೆವು. ಅವನು ಗೋಡೆಯ ತುದಿಗೆ ಟಾರ್ಚು ಬಿಟ್ಟು ನೋಡಿ, ಶೀಟು ಬಿಚ್ಚದೆ ಇವು ಹೋಗುವುದಿಲ್ಲ, ಶೀಟು ಬಿಚ್ಚಿದರೂ ಇಟ್ಟಿಗೆಯೊಳಗೆ ಹೋಗಿರುತ್ತವೆ ಎಂದು ಹೇಳಿ, ಹೊಡೆಯುವಷ್ಟು ಹೊಡೆದು ಹೋದ. ಆ ಗಂಡ ಹೆಂಡತಿ ಇನ್ನೊಂದು ತಿಂಗಳು ನೋಡಿ ಖಾಲಿ ಮಾಡಿದರು. ಹೊಲಿಗೆಯವಳು ಈ ಸಲ ಯಾರ ಮೂಟೆಯನ್ನೂ ದೂರಲಿಲ್ಲ. ಮತ್ತೆ ಸೂಜಿ ಹಿಡಿದು ಕೂತಳು.

ಆ ಮನೆ ಖಾಲಿಯಾದ ಎರಡನೆಯ ದಿನ ನಾನು ವಿಜಯನಗರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ, ಮಧ್ಯಾಹ್ನ. ಕೊರಿಯರ್ ಚೀಲ ಹೊತ್ತ ಹುಡುಗ ಬೈಕು ಬದಿಗೆ ಹಾಕಿ ನನ್ನ ಹತ್ತಿರ ಬಂದ. ಬಹಳ ಇಳಿದು ಹೋಗಿದ್ದ.

"ಆರಾಮದೀರೇನ್ರಿ ಅಜ್ಜಿ?"

"ಇದೀನಪ್ಪ. ಮಗು ಹೇಗಿದೆ?"

"ಊರಾಗ ಐತ್ರಿ. ಅವ್ರನ್ನೆಲ್ಲಾ ಊರಿಗೆ ಕಳಿಸೀನ್ರಿ. ಆ ಓನರು ಬಿಡಸಿದ್ರು, ಆಮ್ಯಾಲೆ ಕೂಸು ಇರೋರಿಗೆ ಯಾರೂ ಲಗೂ ಮನಿ ಕೊಡವಲ್ರು. ನಾ ಈಗ ನಮ್ಮ ಹುಡುಗ್ರ ರೂಮಿನಾಗ ಐದು ಮಂದಿ ಜೋಡಿ ಇದೀನ್ರಿ."

ಮಗುವಿನ ಮೈ ಹೇಗಿದೆ, ಊರಿನಲ್ಲಿ ಆಸ್ಪತ್ರೆ ಹತ್ತಿರ ಆಗಿದೆಯಾ ಎಂದು ಕೇಳಬೇಕೆಂದಿದ್ದೆ. ಆಗಿರುವುದಿಲ್ಲ ಎಂದು ಗೊತ್ತಿದ್ದುದರಿಂದ ಕೇಳಲಿಲ್ಲ. ಅವನು ಚೀಲದ ಪಟ್ಟಿಯನ್ನು ಎಳೆಯುತ್ತ ನಿಂತಿದ್ದ, ಏನೋ ಹೇಳುವುದಿತ್ತು.

"ಅಜ್ಜಿ, ನೀವು ಕೊಟ್ಟ ಮಂಚ. ಆ ಓನರು ರಸ್ತೆಗೆ ಹಾಕಿ ಸುಟ್ಟಬಿಟ್ರು. ನಾ ಬ್ಯಾಡ್ರಿ ಅಂದೆ, ದೊಡ್ಡೋರು ಕೊಟ್ಟದ್ದು ಅಂದೆ, ಕೇಳಲಿಲ್ಲ. ನಿಮಗ ಹೆಂಗ ಮುಖಾ ತೋರಸೂದು ಅಂತ ಆ ಕಡೆ ಬಂದಿಲ್ರಿ. ತಪ್ಪು ತಿಳ್ಕೋಬ್ಯಾಡ್ರಿ."

"ಹೋಗ್ಲಿ ಬಿಡಪ್ಪ," ಎಂದೆ. "ಹಳೇ ಮಂಚ."

"ಅಕಿ ನಿಮ್ಮನ್ನ ಭಾಳ ನೆನಸ್ತಾಳ್ರಿ. ನಿಮ್ಮಲ್ಲಿ ಮನಿ ಖಾಲಿ ಆದ್ರ ಹೇಳ್ರಿ ಅಜ್ಜಿ, ಕರ್ಕೊಂಡ ಬರ್ತೀನಿ. ಈ ಸಲ ಭಾಳ ಹುಷಾರಾಗಿ ಇರ್ತೀವಿ, ಏನೂ ತರಂಗಿಲ್ಲ."

ಮನೆ ಖಾಲಿಯೇ ಇತ್ತು. ಬೋರ್ಡನ್ನು ಹಿಂದಿನ ದಿನವೇ ನಾನೇ ಗೇಟಿಗೆ ಕಟ್ಟಿದ್ದೆ. ಆ ಗೋಡೆಗಳ ನಡುವೆ ಮತ್ತೆ ಆ ಕೂಸನ್ನು ಮಲಗಿಸಿ ಎನ್ನಲೂ ನನಗೆ ಬಾಯಿಲ್ಲ, ಯಾಕೆ ಬೇಡ ಎಂದು ಹೇಳಲೂ ಬಾಯಿಲ್ಲ.

"ಆದ್ರೆ ಹೇಳ್ತೀನಪ್ಪ," ಎಂದೆ.

ಅವನು ಒಂದು ಚೀಟಿಯಲ್ಲಿ ತನ್ನ ಮೊಬೈಲ್ ನಂಬರು ಬರೆದು ಕೊಟ್ಟು ಹೋದ. ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಸೀರೆ ಒಗೆಯುವಾಗ ಅದನ್ನು ಬಿಚ್ಚಿಡಲಿಲ್ಲ.